ಪ್ರತಿಕ್ರಿಯೆ: ಗಿಟಾರ್ ಮಾಡಲು ಇಟ್ಟ ಸ್ಪ್ರೂಸ್ ಮರದ ಹಲಗೆಗಳು ಒಣಹವೆಗೆ ತುದಿ ಸೀಳಿ ಬಾಗಿವೆ

ಹಲಗೆಯ ತುದಿಗಳಿಗೆ ಏನೂ ಬಳಿಯದೆ ಇಟ್ಟಿದ್ದೇ ಸೀಳಿಗೆ ಕಾರಣ ಇರಬೇಕು. ಮರದ ತೇವ ಅಗಲದ ಮೈಗಿಂತ ಕೊಯ್ದ ತುದಿಯಿಂದ ಎಷ್ಟೋ ಪಟ್ಟು ಬೇಗ ಹೊರಹೋಗುತ್ತದೆ. ತುದಿ ಕುಗ್ಗುತ್ತದೆ, ನಡುಭಾಗ ಹಾಗೇ ಇರುತ್ತದೆ, ಸೀಳು ಬೀಳುತ್ತದೆ. ಬಾಗಿದ್ದಕ್ಕೆ ಕಾರಣ ಬೇರೆ. ಗೋಡೆಗೆ ಒರಗಿಸಿಟ್ಟಿದ್ದೀರಿ ಅಲ್ವಾ, ಒಂದೇ ಮೈಗೆ ಗಾಳಿ ತಾಗಿದೆ.

ಮೊದಲು ಸೀಳಿದ ಭಾಗವನ್ನು ಕತ್ತರಿಸಿ ತೆಗೆಯಿರಿ. ಅದೇ ದಿನ ಎರಡೂ ತುದಿಗೆ ಕರಗಿಸಿದ ಮೇಣ ಅಥವಾ ಮರಗೆಲಸದ ಬಿಳಿ ಅಂಟನ್ನು ದಪ್ಪಗೆ ಬಳಿಯಿರಿ. ಅಗಲದ ಮೈಗೆ ಏನೂ ಬೇಡ.

ಆಮೇಲೆ ಹಲಗೆಗಳನ್ನು ಮಲಗಿಸಿ ಜೋಡಿಸಿ. ನಡುವೆ ಒಂದೇ ದಪ್ಪದ ಒಣ ಮರದ ಪಟ್ಟಿಗಳಿರಲಿ, 1.5 ಸೆಂ.ಮೀ. ಸಾಕು. ಎಲ್ಲ ಪಟ್ಟಿಗಳೂ ಒಂದರ ಮೇಲೊಂದು ನೇರವಾಗಿ ಬರಬೇಕು. ಇದನ್ನು ಸರಿಯಾಗಿ ನೋಡದೆ ನಾನು ಒಳ್ಳೊಳ್ಳೆ ಹಲಗೆಗಳನ್ನು ಡೊಂಕು ಮಾಡಿಕೊಂಡಿದ್ದೇನೆ. ಮೇಲೆ ಸಮನಾಗಿ ಭಾರ ಇಡಿ. ನೆಲ, ಹೊರಗೋಡೆ, ಬಿಸಿಲಿನಿಂದ ದೂರವಿರಲಿ.

ಕೋಣೆಯ ತೇವಾಂಶ ಶೇ. 40ರಿಂದ 50ರೊಳಗೆ ಇದ್ದರೆ ಒಳ್ಳೆಯದು. ತೇವಾಂಶ ಅಳೆಯುವ ಹೈಗ್ರೋಮೀಟರನ್ನು ಸುಮ್ನೆ ನಂಬಬೇಡಿ. ಒದ್ದೆ ಮಾಡಿದ ಅಡುಗೆ ಉಪ್ಪಿನ ಜೊತೆ, ಉಪ್ಪು ತಾಗದಂತೆ, ಮುಚ್ಚಿದ ಡಬ್ಬಿಯಲ್ಲಿ ಒಂದು ರಾತ್ರಿ ಇಡಿ. ಸುಮಾರು ಶೇ. 75 ತೋರಿಸಬೇಕು.

ತೇವ ಇರುವ ಮರವನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಬೇಡಿ, ಬೂಷ್ಟು ಹಿಡಿಯುತ್ತದೆ. ವಾರಕ್ಕೊಮ್ಮೆ ತೂಕ ಹಾಕಿ ಹಲಗೆಯ ಮೇಲೇ ಬರೆಯಿರಿ. ಬಾಗು ಪೂರ್ತಿ ಹೋಗುತ್ತದೆ ಎಂದು ಖಚಿತವಾಗಿ ಹೇಳಲಾರೆ. ಎರಡೂ ಮೈ ಸಮನಾಗಿ ಒಣಗಿದರೆ ಬಹಳಷ್ಟು ಇಳಿಯಬಹುದು. ತೂಕ ಕೆಲವು ವಾರ ಬದಲಾಗದೆ ನಿಂತ ಮೇಲೆ ಕೆಲಸಕ್ಕೆ ತೆಗೆದುಕೊಳ್ಳಿ.