ಗರ್ಭಪಾತಕ್ಕೆ ಮೊದಲೇ ಆಂಟಿಬಯೋಟಿಕ್ ಯಾಕೆ ಕೊಡ್ತಾರೆ? ಆಮೇಲೆ ಸೋಂಕು ಆಗದಂತೆ ಏನು ಮಾಡಬೇಕು?

ಸೋಂಕು ಬೇರೂರುವ ಮೊದಲೇ ತಡೆಯಲಿಕ್ಕೆ. ಆಪರೇಶನ್ ಮೂಲಕ ಮಾಡುವ ಗರ್ಭಪಾತದಲ್ಲಿ ಇದು ಎಲ್ಲರಿಗೂ ಬೇಕು.

ಗರ್ಭಕೋಶದ ಬಾಯಿ ಗಟ್ಟಿ ಲೋಳೆಯಿಂದ ಮುಚ್ಚಿರುತ್ತದೆ. ಅದನ್ನು ತೆರೆದು ನಳಿಕೆ ಹಾಕುವಾಗ ಯೋನಿಯಲ್ಲಿರುವ ಬ್ಯಾಕ್ಟೀರಿಯಾ ಅದರೊಟ್ಟಿಗೆ ಮೇಲೆ ಹೋಗಬಹುದು. ಆ ಹೊತ್ತಿಗೆ ಮೈಯಲ್ಲಿ ಔಷಧ ಇದ್ದರೆ ಅವು ಬೆಳೆಯುವುದು ಕಷ್ಟ. ಲೈಂಗಿಕ ಸಂಪರ್ಕದಿಂದ ಹರಡುವ ಕ್ಲಮೈಡಿಯಾದಂಥ ಸೋಂಕು ಎಷ್ಟೋ ಸಲ ಲಕ್ಷಣವೇ ತೋರಿಸುವುದಿಲ್ಲ, ಹಾಗಾಗಿ 'ನನಗೇನೂ ಇಲ್ಲ' ಅಂತ ಬಿಡುವ ಹಾಗಿಲ್ಲ. ಸಾಮಾನ್ಯವಾಗಿ ಕೊಡುವುದು ಡಾಕ್ಸಿಸೈಕ್ಲಿನ್ ಅಥವಾ ಅಜಿತ್ರೋಮೈಸಿನ್. ಅಲರ್ಜಿ ಇದ್ದರೆ ಮೊದಲೇ ಹೇಳಿ. ಬರೀ ಮಾತ್ರೆಯಿಂದ ಆಗುವ ಗರ್ಭಪಾತಕ್ಕೆ ಇದು ಎಲ್ಲರಿಗೂ ಬೇಕಿಲ್ಲ, ಒಳಗೆ ಉಪಕರಣ ಹೋಗುವುದಿಲ್ಲ ಅಲ್ವಾ.

ಆಮೇಲೆ ಪ್ಯಾಡ್ ಆಗಾಗ ಬದಲಾಯಿಸಿ, ಒಳಗೆ ನೀರು ಹಾಯಿಸಿ ತೊಳೆಯಬೇಡಿ. ಒಂದು ದಿನ ಕಳೆದ ಮೇಲೂ 100.4 ಡಿಗ್ರಿ ಅಥವಾ ಜಾಸ್ತಿ ಜ್ವರ, ಕೆಟ್ಟ ವಾಸನೆಯ ಸ್ರಾವ, ಕಡಿಮೆಯಾಗದ ಕಿಬ್ಬೊಟ್ಟೆ ನೋವು, ಎರಡು ಗಂಟೆ ಸತತವಾಗಿ ಗಂಟೆಗೆ ಎರಡು ಪ್ಯಾಡ್ ತೊಯ್ಯುವಷ್ಟು ರಕ್ತ: ಇದರಲ್ಲಿ ಒಂದಿದ್ದರೂ ಮೆಡಿಕಲ್‌ನಿಂದ ಮಾತ್ರೆ ತಂದು ಸುಮ್ನೆ ಕೂರಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ. ಸೋಂಕು ಗರ್ಭನಾಳಕ್ಕೆ ಹಬ್ಬಿದರೆ ಮುಂದೆ ಮಕ್ಕಳಾಗುವುದು ಕಷ್ಟವಾದೀತು. ಮಂಗಳೂರಲ್ಲಾದರೆ ಸರಕಾರಿ ಲೇಡಿಗೋಷನ್ ಆಸ್ಪತ್ರೆಯೇ ಇದೆ. ಮನೆಯವರ ಹೆದರಿಕೆಯೇ? 18 ತುಂಬಿದ ಹೆಣ್ಣಿಗೆ ಕಾನೂನಿನಲ್ಲಿ ಅವಳ ಒಪ್ಪಿಗೆಯಷ್ಟೇ ಸಾಕು, ಗುಟ್ಟು ಕಾಪಾಡುವುದು ಡಾಕ್ಟರ ಹೊಣೆ.