ಪೆಸಿಫಿಕ್ ದ್ವೀಪಗಳಿಗೆ ಜನ ತೇಲಿಕೊಂಡು ಹೋದರೇ?

ಪ್ರಶ್ನೆ: ಹವಾಯಿ, ಈಸ್ಟರ್ ದ್ವೀಪ, ನ್ಯೂಜಿಲೆಂಡ್‌ಗಳಲ್ಲಿ ಯುರೋಪಿನವರು ಬರುವ ಮೊದಲೇ ಜನ ನೆಲೆಸಿದ್ದರಂತೆ. ದಿಕ್ಸೂಚಿ, ನಕ್ಷೆ ಯಾವುದೂ ಇಲ್ಲದೆ ಅಷ್ಟು ದೂರ ಹೋದದ್ದು ಹೇಗೆ? ಮೀನಿಗೆ ಹೋದವರು ಬಿರುಗಾಳಿಗೆ ಸಿಕ್ಕಿ ತೇಲಿಹೋಗಿರಬೇಕು, ಅಲ್ವಾ?

ಉತ್ತರ: ಅಲ್ಲ, ಅವರು ನೆಲೆಸಲೆಂದೇ ಹೊರಟವರು. ಎರಡು ದೋಣಿಗಳನ್ನು ಪಕ್ಕಪಕ್ಕ ಸೇರಿಸಿ ಕಟ್ಟಿದ ಜೋಡಿ ದೋಣಿಗಳಲ್ಲಿ ಏನೇನು ಹೋಯಿತು ನೋಡಿ: ಕೆಸುವಿನ ಗಡ್ಡೆ, ಬಾಳೆಯ ಕಂದು, ಜೀಗುಜ್ಜೆ ಸಸಿ, ಹಂದಿ, ನಾಯಿ, ಕೋಳಿ. ನಮ್ಮ ಕರಾವಳಿಯಲ್ಲಿ ಪತ್ರೊಡೆ ಮಾಡುತ್ತಾರಲ್ಲ, ಅದೇ ಕೆಸು. ಮೀನಿಗೆ ಹೋಗುವವರು ಇದನ್ನೆಲ್ಲ ಹೊತ್ತೊಯ್ಯುವುದಿಲ್ಲ. ಜೊತೆಗೆ ಹೆಂಗಸರೂ ಇರಲೇಬೇಕು, ಇಲ್ಲದಿದ್ದರೆ ಊರು ಬೆಳೆಯುವುದೆಲ್ಲಿಂದ?

ಗಾಳಿಯ ಲೆಕ್ಕ ಇನ್ನೂ ಗಟ್ಟಿ ಸಾಕ್ಷಿ. ಅಲ್ಲಿ ವರ್ಷದ ಬಹುಕಾಲ ಗಾಳಿ ಪೂರ್ವದಿಂದ ಬೀಸುತ್ತದೆ. ಈ ಜನ ಹರಡಿದ್ದು ಪೂರ್ವದ ಕಡೆಗೇ. ಸುಮ್ನೆ ತೇಲಿದ್ದರೆ ಹಿಂದಕ್ಕೆ ಹೋಗುತ್ತಿದ್ದರು. 1973ರಲ್ಲಿ ಸಂಶೋಧಕರು ಗಾಳಿ, ಪ್ರವಾಹಗಳ ವಿವರವನ್ನು ಕಂಪ್ಯೂಟರ್‌ಗೆ ಕೊಟ್ಟು ನೋಡಿದರು. ಬರೀ ತೇಲಿ ಹವಾಯಿ ತಲುಪುವುದು ಸಾಧ್ಯವಿಲ್ಲ ಎಂದೇ ಅದರಿಂದ ತಿಳಿಯಿತು. ಎದುರುಗಾಳಿಗೆ ಹೋಗುವುದು ಮೂರ್ಖತನವೂ ಅಲ್ಲ. ನೆಲ ಸಿಗದಿದ್ದರೆ ಅದೇ ಗಾಳಿ ಮನೆಗೆ ಮುಟ್ಟಿಸುತ್ತದೆ! ಪೂರ್ವಕ್ಕೆ ಹೋಗಬೇಕಾದಾಗ ನವೆಂಬರ್‌ನಿಂದ ಜನವರಿಯವರೆಗೆ ಏಳುವ ಪಶ್ಚಿಮದ ಗಾಳಿಗೆ ಕಾಯುತ್ತೇವೆ ಎಂದು ತುಪಾಯಿಯಾ ಎಂಬ ಅಲ್ಲಿನ ನಾವಿಕ ಹದಿನೆಂಟನೇ ಶತಮಾನದ ಇಂಗ್ಲಿಷ್ ನಾವಿಕ ಕ್ಯಾಪ್ಟನ್ ಕುಕ್‌ಗೆ ವಿವರಿಸಿದ್ದ. ಎಂಥ ತಿಳಿವಳಿಕೆ ಅದು!

ದಾರಿಗೆ ನಕ್ಷತ್ರಗಳಿದ್ದವು. ಯಾವ ನಕ್ಷತ್ರ ಎಲ್ಲಿ ಹುಟ್ಟುತ್ತದೆ, ಎಲ್ಲಿ ಮುಳುಗುತ್ತದೆ ಎಂಬುದು ಅವರಿಗೆ ಬಾಯಿಪಾಠ. ಮೋಡ ಕವಿದರೆ ದೋಣಿಗೆ ಬಡಿಯುವ ಅಲೆಯ ಓಟದಿಂದಲೇ ದಿಕ್ಕು ಗೊತ್ತಾಗುತ್ತಿತ್ತು. ಸಂಜೆ ಗೂಡಿಗೆ ಮರಳುವ ಕಡಲಹಕ್ಕಿಗಳು ನೆಲದ ಸುಳಿವು ಕೊಡುತ್ತಿದ್ದವು. ಈ ವಿದ್ಯೆ ಸಾಲದು ಎಂದವರಿಗೆ 1976ರಲ್ಲಿ ಪಶ್ಚಿಮ ಪೆಸಿಫಿಕ್‌ನ ಮೈಕ್ರೊನೇಷ್ಯ ದ್ವೀಪಗಳ ನಾವಿಕ ಮಾವ್ ಪಿಯಾಯ್ಲುಗ್ ಉತ್ತರ ಕೊಟ್ಟರು. ಹೊಕುಲೆಯಾ ಎಂಬ ಜೋಡಿ ದೋಣಿಯನ್ನು ಉಪಕರಣವಿಲ್ಲದೆ ಹವಾಯಿಯಿಂದ ದಕ್ಷಿಣದ ತಹಿತಿ ದ್ವೀಪಕ್ಕೆ, ಸುಮಾರು 4,000 ಕಿಲೋಮೀಟರ್ ದೂರ ನಡೆಸಿದರು.

ಎಲ್ಲ ಒಂದೇ ಓಟದಲ್ಲಿ ಆಗಲಿಲ್ಲ. ಪಶ್ಚಿಮದ ಕಡೆಯ ಟೊಂಗಾ, ಸಮೋವಾ ದ್ವೀಪಗಳನ್ನು ತಲುಪಿದ್ದು ಸುಮಾರು 2,800 ವರ್ಷಗಳ ಹಿಂದೆ. ಆಮೇಲೆ ಸಾವಿರ ವರ್ಷಕ್ಕೂ ಜಾಸ್ತಿ ಅಲ್ಲೇ ನಿಂತರು. ಇದಕ್ಕೆ ಕಾರಣವೇನೆಂದು ವಿದ್ವಾಂಸರು ಇನ್ನೂ ವಾದಿಸುತ್ತಿದ್ದಾರೆ. ಮತ್ತೆ ಹೊರಟ ಮೇಲೆ, ಸುಮಾರು ಕ್ರಿ.ಶ. 1000ರಿಂದ 1300ರೊಳಗೆ, ನೀವು ಹೇಳಿದ ಮೂರೂ ಕಡೆ ಊರು ಕಟ್ಟಿದರು.

ಅವರು ಇನ್ನೂ ಆಚೆಗೂ ಹೋದಂತಿದೆ. ಸಿಹಿಗೆಣಸು ಅಮೆರಿಕದ ಬೆಳೆ. ಯುರೋಪಿನ ಹಡಗುಗಳು ಬರುವ ಮೊದಲೇ ಅದು ಪಾಲಿನೇಷ್ಯದ, ಅಂದರೆ ಈ ಜನರ ದ್ವೀಪಗಳ, ಹೊಲಗಳಲ್ಲಿತ್ತು. 2020ರ ಡಿಎನ್‌ಎ ಅಧ್ಯಯನವೊಂದು, ಸುಮಾರು 1200ರಲ್ಲಿ ಈ ಎರಡು ಕಡೆಯ ಜನರ ನಡುವೆ ರಕ್ತಸಂಬಂಧ ಬೆಳೆದಿತ್ತು ಎನ್ನುತ್ತದೆ.