ಆರ್‌ಸಿ ಇಲ್ಲದ ಹಳೇ ಯೆಜ್ಡಿಗೆ ಹೊಸದಾಗಿ ರಿಜಿಸ್ಟ್ರೇಷನ್ ಮಾಡಿಸಬಹುದಾ?

ಗುಜರಿಯಲ್ಲಿ ಸಿಕ್ಕ ಯೆಜ್ಡಿ ರೋಡ್‌ಕಿಂಗ್ ಬೈಕು, ಆರ್‌ಸಿ (ನೋಂದಣಿ ಪತ್ರ) ಇಲ್ಲ, ಏಜೆಂಟ್ ಒಬ್ಬರು "ಹೊಸ ಆರ್‌ಸಿ" ಮಾಡಿಸಿಕೊಡ್ತೀನಿ ಅಂದಿದ್ದಾರೆ, ಅಷ್ಟರೊಳಗೆ ಗಾಡಿ ಬಿಚ್ಚಿ ಪೇಂಟ್ ಮುಗಿಸಿಬಿಡಲಾ ಅಂತ ಕೇಳಿದ್ದೀರಿ. ಬೇಡ. ಚಾಸಿಗೆ ಎಮರಿ ಪೇಪರ್ ಕೂಡ ಮುಟ್ಟಿಸಬೇಡಿ.

ನಾನು ಮುಟ್ಟಿಸಿದ್ದೆ. 1986ರ ರೋಡ್‌ಕಿಂಗ್, ಚಾಸಿ ಪೂರ್ತಿ ತುಕ್ಕು. ಕಾಗದ ಆಮೇಲೆ ನೋಡೋಣ ಅಂತ ಸ್ಯಾಂಡ್‌ಬ್ಲಾಸ್ಟ್ (ರಭಸದಿಂದ ಮರಳು ಬಡಿದು ತುಕ್ಕು ತೆಗೆಯುವುದು) ಮಾಡಿಸಿ ಪೌಡರ್ ಕೋಟಿಂಗ್‌ಗೆ (ಬಣ್ಣದ ಪುಡಿ ಕೂರಿಸಿ ಓವನ್‌ನಲ್ಲಿ ಕರಗಿಸುವುದು) ಕೊಟ್ಟೆ. ಚಾಸಿ ನಂಬರ್ ಇರುವುದು ಹ್ಯಾಂಡಲ್ ಕೂರುವ ಕತ್ತಿನ ಭಾಗದಲ್ಲಿ. ಅದು ಕಬ್ಬಿಣದ ಮೇಲೆ ಪಂಚ್ ಹೊಡೆದ ಅಕ್ಷರ, ಆಳ ಬಹಳ ಕಡಿಮೆ. ಮರಳು ಬಡಿದಾಗ ಆ ಅಕ್ಷರದ ಚೂಪಾದ ಅಂಚು ಮೊದಲು ಹೋಗುತ್ತದೆ. ನಲವತ್ತು ವರ್ಷದ ತುಕ್ಕು ಅಂಚನ್ನು ಆಗಲೇ ಅರ್ಧ ತಿಂದಿರುತ್ತದೆ, ಉಳಿದದ್ದನ್ನು ಮರಳು ತಿನ್ನುತ್ತದೆ. ಅದರ ಮೇಲೆ ಪೌಡರ್ ಕೋಟ್ ಸುಮಾರು 60ರಿಂದ 100 ಮೈಕ್ರಾನ್ ದಪ್ಪ ಕೂರುತ್ತದೆ. ಓವನ್‌ನಲ್ಲಿ ಕರಗಿ ಹರಿಯುವಾಗ ತಗ್ಗಿನಲ್ಲೇ ತುಂಬಿಕೊಳ್ಳುತ್ತದೆ. ಕಣ್ಣಿಗೆ ನಂಬರ್ ಇದ್ದ ಹಾಗೇ ಕಾಣುತ್ತದೆ. ಪೆನ್ಸಿಲ್ ಪ್ರಿಂಟ್ (ನಂಬರ್ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಎತ್ತುವ ಅಚ್ಚು) ತೆಗೆಯಲು ಹೋದಾಗ 3 ಯಾವುದು, 8 ಯಾವುದು ಗೊತ್ತಾಗುವುದಿಲ್ಲ. ಆರ್‌ಟಿಒ ಇನ್‌ಸ್ಪೆಕ್ಟರ್ ಪ್ರಿಂಟ್ ನೋಡಿ ಅರ್ಜಿ ವಾಪಸ್ ಕೊಟ್ಟರು. ಅವರು ಮಾಡಿದ್ದು ಸರಿ. ನಂಬರ್ ಅಳಿಸಿ ಬೇರೆ ಹೊಡೆದ ಕಳವಿನ ಗಾಡಿಯೂ ಹಾಗೇ ಕಾಣುತ್ತದೆ.

ಆಗ ಲೇತ್ ಅಂಗಡಿಯಲ್ಲಿ "ಅದೇ ನಂಬರ್ ಮತ್ತೆ ಹೊಡೆದುಕೊಡ್ತೀವಿ" ಅಂದರು. ಪುಣ್ಯಕ್ಕೆ ಹೊಡೆಸಲಿಲ್ಲ. ಆರ್‌ಟಿಒ ಲಿಖಿತ ಅನುಮತಿ ಇಲ್ಲದೆ ಹೊಡೆದ ನಂಬರ್ ಸರಿಯಾದದ್ದೇ ಆಗಿದ್ದರೂ ತಿದ್ದಿದ ನಂಬರೇ. ಫೋರೆನ್ಸಿಕ್ ಲ್ಯಾಬ್‌ನವರು ಆಸಿಡ್ ಹಾಕಿ ಕೆಳಗಿನ ಹಳೇ ಅಚ್ಚನ್ನು ಎಬ್ಬಿಸಬಲ್ಲರು. ನಾನು ಪೇಂಟ್ ರಿಮೂವರ್ ಹಚ್ಚಿ, ಬಟ್ಟೆಯಲ್ಲೇ ಒರೆಸಿ ಒರೆಸಿ ಕೋಟಿಂಗ್ ಎತ್ತಬೇಕಾಯಿತು. ಅಂಚು ಹೋಗಿದ್ದರಿಂದ ಪ್ರಿಂಟ್ ಒಪ್ಪಿಸಲು ಏಳು ತಿಂಗಳು ಹಿಡಿಯಿತು. ಬಿಚ್ಚುವ ಮೊದಲು ಹತ್ತು ನಿಮಿಷ ಕೊಟ್ಟಿದ್ದರೆ ಇದ್ಯಾವುದೂ ಇರುತ್ತಿರಲಿಲ್ಲ.

ಹಾಗಾಗಿ ಈ ವಾರ ಮಾಡಬೇಕಾದ್ದು ಇಷ್ಟು. ಸೀಮೆಎಣ್ಣೆ ಇಲ್ಲವೇ ಡೀಸೆಲ್‌ನಲ್ಲಿ ಬಟ್ಟೆ ಅದ್ದಿ ಚಾಸಿ ನಂಬರ್ ಮತ್ತು ಕ್ರ್ಯಾಂಕ್‌ಕೇಸ್ ಮೇಲಿನ ಎಂಜಿನ್ ನಂಬರ್ ಎರಡನ್ನೂ ಒರೆಸಿ. ವೈರ್ ಬ್ರಷ್ ಬೇಡ. ತೆಳು ಕಾಗದ ಇಟ್ಟು ಟೇಪ್ ಹಾಕಿ ಬಿಗಿಮಾಡಿ, ಮೆತ್ತನೆಯ ಪೆನ್ಸಿಲನ್ನು ಮಲಗಿಸಿ ಉಜ್ಜಿ. ಕಡೇಪಕ್ಷ ಆರು ಪ್ರಿಂಟ್ ತೆಗೆಯಿರಿ, ಪ್ರತಿ ಅರ್ಜಿಗೂ ಒಂದೊಂದು ಹೋಗುತ್ತದೆ. ಟಾರ್ಚ್ ಓರೆಯಾಗಿ ಹಿಡಿದು ಫೋಟೊ ತೆಗೆಯಿರಿ. ಬ್ಲಾಸ್ಟಿಂಗ್‌ಗೆ ಕೊಡಲೇಬೇಕಾದ ದಿನ ಬಂದಾಗ ನಂಬರ್ ಮೇಲೆ ದಪ್ಪ ರಬ್ಬರ್ ತುಂಡು ಕಟ್ಟಿ ಕೊಡಿ. ಕೋಟಿಂಗ್‌ಗೆ ಬಿಸಿ ತಡೆಯುವ ಟೇಪ್ ಅಂಟಿಸಿ. ಮಾಮೂಲಿ ಮಾಸ್ಕಿಂಗ್ ಟೇಪ್ ಓವನ್‌ನಲ್ಲಿ ಸುಡುತ್ತದೆ.

ಇನ್ನು "ಹೊಸ ಆರ್‌ಸಿ" ವಿಷಯ. ನಿಮ್ಮ ಪ್ರಶ್ನೆ ತಪ್ಪಿರುವುದೇ ಇಲ್ಲಿ. ಹೊಸ ನೋಂದಣಿ ಅಂದರೆ ಫಾರ್ಮ್ 20. ಅದರ ಜೊತೆ ಡೀಲರ್ ಕೊಡುವ ಫಾರ್ಮ್ 21, ತಯಾರಕರು ಕೊಡುವ ಫಾರ್ಮ್ 22 ಬೇಕು. ಮೈಸೂರಿನ ಐಡಿಯಲ್ ಜಾವಾ 1996ರಲ್ಲಿ ಮುಚ್ಚಿತು, ನಿಮ್ಮ ಗಾಡಿಗೆ ಆ ಕಾಗದ ಕೊಡುವವರು ಇಲ್ಲ. ವಿಂಟೇಜ್ (ತೀರಾ ಹಳೇ ಗಾಡಿಗಳ) ನೋಂದಣಿಯ ದಾರಿ ಅಂತ ಯಾರಾದರೂ ಹೇಳಿದರೆ ಅದೂ ಆಗದು. 2021ರ ನಿಯಮ 50 ವರ್ಷ ದಾಟಿದ ಗಾಡಿಗೆ, ರೋಡ್‌ಕಿಂಗ್ ಬಂದದ್ದೇ 1978ರಲ್ಲಿ. ಸಾಲದ್ದಕ್ಕೆ ಹಿಂದೆ ನೋಂದಣಿಯಾದ ಗಾಡಿಗೆ ಅಲ್ಲೂ ಹಳೇ ಆರ್‌ಸಿ ಕೇಳುತ್ತಾರೆ. ಇನ್ನು ಏಜೆಂಟ್ ಕೊಡಬಹುದಾದ ಆರ್‌ಸಿ ಒಂದೇ: ಗುಜರಿಗೆ ಹೋದ ಇನ್ನೊಂದು ಯೆಜ್ಡಿಯದ್ದು. ಅದರ ನಂಬರನ್ನು ನಿಮ್ಮ ಚಾಸಿಗೆ ಹೊಡೆಯುತ್ತಾರೆ. ದಯವಿಟ್ಟು ಆ ಕಡೆ ಹೋಗಬೇಡಿ. ಸಿಕ್ಕಿಬಿದ್ದಾಗ ಗಾಡಿಯೂ ಹೋಗುತ್ತದೆ, ಕೇಸು ನಿಮ್ಮ ಹೆಸರಿನ ಮೇಲೇ ಬೀಳುತ್ತದೆ.

ನೀವು ಹುಡುಕಬೇಕಾದ್ದು ಹೊಸ ಆರ್‌ಸಿಯನ್ನಲ್ಲ, ದಾಖಲೆಯಲ್ಲಿರುವ ಹಳೇ ಮಾಲೀಕರನ್ನು. ನಂಬರ್ ಪ್ಲೇಟ್ ಇದೆಯಾ? 1989ಕ್ಕೆ ಮುಂಚಿನದಾದರೆ ಕೆಎ ಇರುವುದಿಲ್ಲ. ಎಂಇ, ಸಿಎ ಅಂತ ಶುರುವಾಗುವ ಮೂರಕ್ಷರದ ಸೀರೀಸ್ ಇರುತ್ತದೆ. ಆ ಸೀರೀಸ್ ಯಾವ ಆರ್‌ಟಿಒದ್ದು ಅಂತ ತಿಳಿದುಕೊಂಡು ಅಲ್ಲಿಗೇ ಹೋಗಬೇಕು, ನಿಮ್ಮ ಮನೆ ಹತ್ತಿರದ ಕಚೇರಿಗಲ್ಲ. ಜಿಲ್ಲೆ, ಕಚೇರಿ ಒಡೆದಿದ್ದರೆ ಹಳೇ ರಿಜಿಸ್ಟರ್ ಯಾವ ಕಚೇರಿಯಲ್ಲಿ ಉಳಿಯಿತು ಅಂತ ಕೇಳಿ. ಎಂ-ಪರಿವಾಹನ್ ಆ್ಯಪ್‌ನಲ್ಲಿ "ದಾಖಲೆ ಇಲ್ಲ" ಅಂತ ಬಂದರೆ ಗಾಬರಿ ಬೇಡ, ಹಳೇ ಪುಸ್ತಕದಿಂದ ಕಂಪ್ಯೂಟರ್‌ಗೆ ಏರಿಸದೇ ಇರಬಹುದು. ಬಿ ಎಕ್ಸ್‌ಟ್ರಾಕ್ಟ್‌ಗೆ (ಆರ್‌ಟಿಒ ರಿಜಿಸ್ಟರಿನಲ್ಲಿ ಗಾಡಿಯ ಬಗ್ಗೆ ಇರುವ ದಾಖಲೆಯ ಪ್ರತಿ) ಅರ್ಜಿ ಕೊಡಿ. ಪುಸ್ತಕದಲ್ಲಿ ಸಿಕ್ಕರೆ ಬ್ಯಾಕ್‌ಲಾಗ್ ಎಂಟ್ರಿ (ಹಳೇ ದಾಖಲೆಯ ನಮೂದು) ಮಾಡಿಸಿ ಸರ್ಕಾರದ ವಾಹನ್ ಕಂಪ್ಯೂಟರ್ ವ್ಯವಸ್ಥೆಗೆ ಏರಿಸಬೇಕು. ಅದು ಆಗದೆ ಮುಂದಿನ ಒಂದು ಕೆಲಸವೂ ನಡೆಯುವುದಿಲ್ಲ, ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ) ನಂಬರ್ ಪ್ಲೇಟ್ ಕೂಡ ಸಿಗದು.

ಇದರ ಜೊತೆಗೇ ಎನ್‌ಸಿಆರ್‌ಬಿಯ (ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ) ಪೋರ್ಟಲ್‌ನಲ್ಲಿ ಚಾಸಿ, ಎಂಜಿನ್ ನಂಬರ್ ಹಾಕಿ ಕಳವಿನ ಪಟ್ಟಿಯಲ್ಲಿ ಇಲ್ಲ ಅಂತ ಎನ್‌ಒಸಿ ತೆಗೆದುಕೊಳ್ಳಿ. ಪಟ್ಟಿಯಲ್ಲಿದ್ದರೆ ಅಲ್ಲೇ ನಿಲ್ಲಿಸಿ, ಠಾಣೆಗೆ ತಿಳಿಸಿ.

ಬಿ ಎಕ್ಸ್‌ಟ್ರಾಕ್ಟ್ ಕೈಗೆ ಬಂದಾಗ ನಾಲ್ಕು ಸಾಲು ಗಮನವಿಟ್ಟು ಓದಿ: ಮಾಲೀಕರ ಹೆಸರು, ಎಚ್‌ಪಿ (ಗಾಡಿ ಮೇಲಿನ ಸಾಲದ ನಮೂದು), ಟ್ಯಾಕ್ಸ್, ಎಂಜಿನ್ ನಂಬರ್. ಆ ಕಾಲದಲ್ಲಿ ಸಾಲ ತೀರಿಸಿದವರು ಎಚ್‌ಪಿ ತೆಗೆಸುವ ಗೋಜಿಗೆ ಹೋಗುತ್ತಿರಲಿಲ್ಲ. ಎಚ್‌ಪಿ ಉಳಿದಿದ್ದರೆ ಬ್ಯಾಂಕಿನ ಸಹಿ ಇರುವ ಫಾರ್ಮ್ 35 ಬೇಕೇ ಬೇಕು. ಎಂಜಿನ್ ನಂಬರ್ ಹೊಂದದಿದ್ದರೆ ಯಾವುದೋ ಕಾಲದಲ್ಲಿ ಎಂಜಿನ್ ಬದಲಾಗಿದೆ ಅಂತ. ಆಗ ಆ ಎಂಜಿನ್ನಿನ ಮೂಲದ ಬಿಲ್ ಇಲ್ಲವೇ ದಾಖಲೆ ಕೇಳುತ್ತಾರೆ. ಗುಜರಿ ಅಂಗಡಿಯಿಂದ ಈಗಲೇ ಒಂದು ರಸೀದಿ ಬರೆಸಿಕೊಳ್ಳಿ.

ಮಾಲೀಕರು ಸಿಕ್ಕರೆ ಅರ್ಧ ಗೆದ್ದಹಾಗೆ. ಆರ್‌ಸಿ ಕಳೆದಿದೆ ಅಂತ ಠಾಣೆಯಲ್ಲಿ ದೂರು ಕೊಡಬೇಕಾದವರೂ ಡೂಪ್ಲಿಕೇಟ್ ಆರ್‌ಸಿಗೆ ಫಾರ್ಮ್ 26 ಹಾಕಬೇಕಾದವರೂ ಅವರೇ, ನೀವಲ್ಲ. ಜೊತೆಗೆ ನೋಟರಿ ಮಾಡಿಸಿದ ಅಫಿಡವಿಟ್, ಚಾಲ್ತಿಯಲ್ಲಿರುವ ಇನ್ಶೂರೆನ್ಸ್, ಪೆನ್ಸಿಲ್ ಪ್ರಿಂಟ್ ಇರಬೇಕು. ಇನ್ಶೂರೆನ್ಸ್ ಥರ್ಡ್ ಪಾರ್ಟಿ ಆದರೆ ಸಾಕು. ವರ್ಗಾವಣೆಗೆ ಫಾರ್ಮ್ 29 ಎರಡು ಪ್ರತಿ ಮತ್ತು ಫಾರ್ಮ್ 30. ಒಂದೇ ಭೇಟಿಯಲ್ಲಿ ಎಲ್ಲದಕ್ಕೂ ಸಹಿ ಹಾಕಿಸಿಕೊಳ್ಳಿ, ಆಧಾರ್ ಪ್ರತಿಯನ್ನೂ ಕೇಳಿ ಪಡೆಯಿರಿ. ಮಾಲೀಕರು ತೀರಿಕೊಂಡಿದ್ದರೆ ಗಾಡಿ ನೇರ ನಿಮ್ಮ ಹೆಸರಿಗೆ ಬರುವುದಿಲ್ಲ. ಮೊದಲು ಫಾರ್ಮ್ 31ರಲ್ಲಿ ವಾರಸುದಾರರೊಬ್ಬರ ಹೆಸರಿಗೆ ಆಗಬೇಕು. ಅದಕ್ಕೆ ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಅಫಿಡವಿಟ್ ಬೇಕು. ಆ ಮನೆಯವರ ಹತ್ತಿರ ಮರ್ಯಾದೆಯಿಂದ, ಸಮಾಧಾನದಿಂದ ಮಾತಾಡಿ. ಅಪ್ಪನ ಗಾಡಿ ಅಂದರೆ ಕೆಲವರಿಗೆ ಕಣ್ಣಲ್ಲಿ ನೀರು ಬರುತ್ತದೆ. ಕಚೇರಿ ಕೆಲಸಕ್ಕೆ ಅವರು ಓಡಾಡಿದ ಖರ್ಚು ನೀವೇ ಕೊಡಿ.

ಮೊದಲ ನೋಂದಣಿಯ 15 ವರ್ಷ ಯಾವತ್ತೋ ಮುಗಿದಿರುವುದರಿಂದ ಫಾರ್ಮ್ 25ರಲ್ಲಿ ನವೀಕರಣವೂ ಆಗಬೇಕು; ಮತ್ತೆ 5 ವರ್ಷ ಸಿಗುತ್ತದೆ. 20 ವರ್ಷ ದಾಟಿದ ಬೈಕಿಗೆ 2025ರಿಂದ ಶುಲ್ಕ 2,000 ರೂಪಾಯಿ. ವಿಳಂಬಕ್ಕೆ ಕೇಂದ್ರದ ನಿಯಮದಲ್ಲಿ ತಿಂಗಳಿಗೆ 300 ಇದೆ, ಹಸಿರು ತೆರಿಗೆ ಬೇರೆ. ಗಾಡಿ ಪೂರ್ತಿ ರೆಡಿ ಇರಬೇಕಾದ್ದು ಈ ತಪಾಸಣೆಯ ದಿನಕ್ಕೆ. ಬಣ್ಣ ದಾಖಲೆಯಲ್ಲಿ ಇದ್ದದ್ದೇ ಇರಲಿ. ಬ್ರೇಕ್, ಹಾರ್ನ್, ಹೆಡ್‌ಲೈಟ್ ಡಿಮ್-ಡಿಪ್ ಎಲ್ಲ ಕೆಲಸ ಮಾಡಬೇಕು. ಹೊಗೆ ಪರೀಕ್ಷೆಯಲ್ಲಿ 2000ಕ್ಕೆ ಮುಂಚಿನ ಟೂ ಸ್ಟ್ರೋಕ್‌ಗೆ ಸಿಒ (ಕಾರ್ಬನ್ ಮಾನಾಕ್ಸೈಡ್) 4.5 ಶೇಕಡಾ, ಎಚ್‌ಸಿ (ಹೈಡ್ರೋಕಾರ್ಬನ್) 9,000 ಪಿಪಿಎಂವರೆಗೆ ಬಿಡುತ್ತಾರೆ. ಎರಡೂ ಸೈಲೆನ್ಸರ್‌ನ ಇಂಗಾಲ ತೆಗೆಸಿ, ಹತ್ತು ಕಿಲೋಮೀಟರಿನಷ್ಟು ಎಂಜಿನ್ ಬಿಸಿಮಾಡಿಕೊಂಡು ಹೋದರೆ ಪಾಸಾಗುತ್ತದೆ. ತಣ್ಣಗಿದ್ದಾಗ ಚೋಕ್ ಎಳೆದು ಪರೀಕ್ಷೆಗೆ ನಿಂತರೆ ಫೇಲ್.

ಪ್ಲೇಟೂ ಇಲ್ಲ, ಚಾಸಿ ನಂಬರ್ ಹಾಕಿ ಹುಡುಕಿದರೂ ಯಾವ ಪುಸ್ತಕದಲ್ಲೂ ಸಿಗಲಿಲ್ಲ ಅಂದರೆ ಅದನ್ನು ರಸ್ತೆಗೆ ಇಳಿಸಬೇಡಿ. ಆ ದುಡ್ಡಿನಲ್ಲಿ ಕಾಗದ ಇರುವ ಇನ್ನೊಂದು ರೋಡ್‌ಕಿಂಗ್ ಹುಡುಕಿ, ಎಷ್ಟೇ ಕೆಟ್ಟಿದ್ದರೂ ಸರಿ. ಇದರ ಫೋರ್ಕ್, ಟ್ಯಾಂಕ್, ಚಕ್ರ ಅದಕ್ಕೆ ಬರುತ್ತವೆ. ಚಾಸಿ ಮಾತ್ರ ಬರಬಾರದು.